ದಾಜಿ ಕಿತ್ತೊಯ್ದ ಬಚ್ಚಲ ಬಾಗಿಲು

ಮೈತುಂಬ ಸಾಬೂನು ಹಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ತಂಬಿಗೆಗಾಗಿ ನೆಲ ತಡವುತ್ತಿದ್ದಾಗ ಬಚ್ಚಲೊಳಗೆ ಒಮ್ಮೆಲೇ ತಂಪು ಗಾಳಿ ಬೀಸಿತು. ಅಕ್ಕನ ಮನೆಯ ಬಚ್ಚಲಿಗೆ ಕಿಟಕಿಯಿಲ್ಲ. ಗಾಳಿ ಎಲ್ಲಿಂದ ಬಂತೆಂದು ಮುಖಕ್ಕೆ ನೀರು ಸುರಿದುಕೊಂಡು ಕಣ್ಣು ಬಿಟ್ಟೆ. ಬಾಗಿಲಿರಲಿಲ್ಲ. ತೆರೆದಿತ್ತು ಎಂದಲ್ಲ, ಇರಲೇ ಇಲ್ಲ. ಬಾಗಿಲಿದ್ದ ಜಾಗದಲ್ಲಿ ಅಂಗಳ ಕಾಣುತ್ತಿತ್ತು, ಅಂಗಳದಲ್ಲಿ ಎಮ್ಮೆ, ಎಮ್ಮೆಯ ಪಕ್ಕದಲ್ಲಿ ಹಾಲು ಒಯ್ಯಲು ಬಂದ ಜಿನ್ನಪ್ಪ.

ಆ ಬಾಗಿಲಿಗೆ ಚಿಲಕವಿಲ್ಲ. ಒಳಗೆ ಜನ ಇದ್ದಾರೆಂದು ತಿಳಿಸಲು ಬಾಗಿಲ ಮೇಲಂಚಿಗೆ ಟವೆಲ್ ಹಾಕುವುದು ಆ ಮನೆಯ ಪದ್ಧತಿ. ನಾನೂ ಹಾಕಿದ್ದೆ. ಬಾಗಿಲಿನ ಜೊತೆ ಟವೆಲೂ ಹೋಗಿತ್ತು.

ಜಿನ್ನಪ್ಪ ಸಭ್ಯ ಮನುಷ್ಯ. ಕ್ಯಾನಿಗೆ ಮುಚ್ಚಳ ಹಾಕುತ್ತ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದ.

"ಯಾವಾಗ ಬಂದ್ರಿ?"

"ನಿನ್ನೆ ಸಂಜೀಕ," ಎಂದೆ, ತಂಬಿಗೆಯನ್ನು ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದು.

"ಎಲ್ಲಾ ಆರಾಮ?"

"ಆರಾಮ."

"ಹಾರೂಗೇರ್ಯಾಗ ಅಂಗಡಿ ಹೆಂಗ ನಡದೈತ್ರಿ?"

"ನಡದೈತಿ."

"ಸಾವಕಾಶ ಜಳಕಾ ಮಾಡ್ರಿ ಹಂಗಾರ," ಎಂದು ಹೇಳಿ ಮೋಟಾರ್‌ಸೈಕಲ್ಲಿಗೆ ಕ್ಯಾನು ಏರಿಸಿ ಹೊರಟ. ಎಮ್ಮೆ ಮಾತ್ರ ನೋಡುತ್ತಲೇ ಇತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಸೋನಾಬಾಯಿಯ ದನಿ ಕೇಳಿಸಿತು. "ಒಯ್ದ್ರೇನ? ಒಳಗ ನನ್ನ ತಮ್ಮ ಅದಾನ. ನೋಡಬೇಕೋ ಬ್ಯಾಡೋ?"

ಅಂಗಳದಾಚೆಯಿಂದ ಉತ್ತರ ಬಂತು. "ನೋಡೀನಿ. ಕಣ್ಣ ಮುಚ್ಚಿಕೊಂಡು ನಿಂತಿದ್ದ. ಸುಮ್ನ ಯಾಕ ಮಾತಾಡಸೂದು ಅಂತ ಬಿಟ್ಟೆ."

ಇವರೇ ನನ್ನ ದಾಜಿ. ನಮ್ಮ ಗಡಿಸೀಮೆಯಲ್ಲಿ ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ಹೆಸರು ರಾಜಾರಾಮ. ಕೃಷ್ಣಾ ನದಿಯ ದಂಡೆಗೆ ಕಬ್ಬಿನ ಹೊಲ, ಹೊಲಕ್ಕೆ ನೀರೆತ್ತುವ ಒಂದು ಮೋಟಾರು, ಚಿಕ್ಕೋಡಿಯ ಕಾಲೇಜಿನಲ್ಲಿ ಓದುವ ಮಗಳು ಕೋಮಲ. ಈ ಹುಡುಗಿ ರವಿವಾರ ಊರಿಗೆ ಬರುವುದನ್ನು ಯಾಕೆ ಬಿಟ್ಟಳೆಂದು ನಾನು ಬಹಳ ದಿನ ಯೋಚಿಸಿದ್ದೆ. ಅಂದು ತಿಳಿಯಿತು. ಊರಿನ ಹೆಸರು ಮಾತ್ರ ಹೇಳಲಾರೆ. ಹೇಳಿದರೆ ಅಕ್ಕ ನನ್ನನ್ನು ಮತ್ತೆ ಹೊಸ್ತಿಲು ದಾಟಲು ಬಿಡುವುದಿಲ್ಲ.

ದಾಜಿಯ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅವರು ಜೋಪಾನದ ಮನುಷ್ಯ. ಮೋಟಾರ್‌ಸೈಕಲ್ ಮೇಲೆ ಹೋಗುವಾಗ ರಸ್ತೆಯುಬ್ಬು ಕಂಡರೆ ಗಾಡಿ ನಿಲ್ಲಿಸಿ, ಅಕ್ಕನನ್ನು ಇಳಿಸಿ, ಗಾಡಿಯನ್ನು ಕೈಯಲ್ಲಿ ದೂಡಿಕೊಂಡು ದಾಟಿ, ಮತ್ತೆ ಅಕ್ಕನನ್ನು ಹತ್ತಿಸಿಕೊಳ್ಳುತ್ತಾರೆ. ರಾಯಬಾಗಕ್ಕೆ ಹೋಗಿಬರುವುದರಲ್ಲಿ ಅಕ್ಕ ಅರ್ಧ ದಾರಿ ನಡೆದೇ ಹೋಗಿರುತ್ತಾಳೆ. ಅಕ್ಕೋಳದಲ್ಲಿ ನಮ್ಮ ಚಿಕ್ಕಪ್ಪನ ಮಗನ ಮದುವೆಯಲ್ಲಿ, ಅಕ್ಷತೆಗೆ ಇನ್ನೇನು ಕೈ ಎತ್ತಬೇಕು ಎನ್ನುವಾಗ, ಮಂಟಪ ಒಮ್ಮೆಲೇ ಬ್ಯಾಂಡಿನವರ ಮೇಲೆ ಕುಸಿಯಿತು. ಎಲ್ಲರೂ ಓಡಿಹೋಗಿ ನೋಡಿದರೆ, ಕಿತ್ತ ಕಂಬವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಾಜಿ ನಿಂತಿದ್ದಾರೆ. "ಗಟ್ಟಿ ಐತೇನು ಅಂತ ಅಳ್ಳಾಡಿಸಿ ನೋಡಾಕತ್ತಿದ್ದೆ. ಇರಲಿಲ್ಲ," ಎಂದರು. ತಾವು ನೋಡಿದ್ದರಿಂದಲೇ ಅದು ಗೊತ್ತಾಯಿತು ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಬ್ಯಾಂಡಿನವರಿಗೆ ಆ ಸಮಾಧಾನ ಇರಲಿಲ್ಲ.

ಇಂಥ ಮನುಷ್ಯನಿಗೆ ಮೀನು ಹಿಡಿಯುವ ಚಟ. ಅದೂ ಬೇಸಿಗೆಯ ಕೃಷ್ಣೆಯಲ್ಲಿ.

ನೋಡದವರಿಗೆ ಒಂದು ಮಾತು ಹೇಳಬೇಕು. ಬೇಸಿಗೆಯಲ್ಲಿ ನದಿ ನಡುವಿಗೆ ಸರಿಯುತ್ತದೆ. ಸರಿದ ಜಾಗದ ಕೆಸರು ಮೇಲೆ ಒಣಗಿ, ಬಿರಿದು, ನೆಲದ ಹಾಗೆಯೇ ಕಾಣುತ್ತದೆ. ಅದು ರೊಟ್ಟಿಯಷ್ಟು ದಪ್ಪದ ಒಣ ಪದರ. ಕೆಳಗೆ ಹುಗ್ಗಿಯಂಥ ರಾಡಿ. ಅಲ್ಲಿ ಎಮ್ಮೆ ಸಿಕ್ಕಿಬಿದ್ದಿವೆ, ಟ್ರ್ಯಾಕ್ಟರ್ ಸಿಕ್ಕಿಬಿದ್ದಿವೆ. ಹೋದ ವರ್ಷ ದಾಜಿಯೂ ಸಿಕ್ಕಿದ್ದರು. ಒಬ್ಬರೇ ಗಾಳ ಹಿಡಿದು ಹೋದವರು ಸೊಂಟದವರೆಗೆ ಇಳಿದು, ದನಗಾಹಿ ಹಾಲಸಿದ್ದನ ಎಮ್ಮೆಗಳು ನೀರಿಗೆ ಬರುವವರೆಗೆ ನೆಟ್ಟ ಕಂಬದ ಹಾಗೆ ನಿಂತಿದ್ದರು. ಹಾಲಸಿದ್ದ ಎಮ್ಮೆಗೆ ಹಗ್ಗ ಕಟ್ಟಿ ಎಳೆದು ತೆಗೆದ. ಮನೆಗೆ ಬಂದಾಗ ಅಕ್ಕ ಮೊದಲು ಗುರುತು ಹಿಡಿಯಲಿಲ್ಲ. "ಯಾರ ಬೇಕಾಗಿತ್ರಿ?" ಎಂದು ಕೇಳಿದಳು. ಗುರುತು ಹಿಡಿದ ಮೇಲೆ ಕಟ್ಟೆಯ ಮೇಲೆ ಕೂತವಳು ಅಂದೆಲ್ಲ ಒಂದು ಮಾತೂ ಆಡಲಿಲ್ಲ. ನಿದ್ದೆಯಲ್ಲೂ ಮಾತಾಡುವ ನನ್ನ ಅಕ್ಕ. ದಾಜಿ ಹೆದರಿದ್ದು ಕೆಸರಿಗಲ್ಲ, ಆ ಮೌನಕ್ಕೆ. ಮರುದಿನ ಬೆಳಿಗ್ಗೆ ಮಾತು ಕೊಟ್ಟರು: ಇನ್ನು ಮೇಲೆ ಮೊಣಕಾಲ ಮೇಲೆ ಒಂದು ಹನಿ ತೊಯ್ದರೂ ಮೀನಿನ ಸುದ್ದಿ ಬಿಟ್ಟೆ.

ಅಂದಿನಿಂದ ಪ್ರತಿ ರವಿವಾರ ಬಾಗಿಲು ನದಿಗೆ ಹೋಗುತ್ತದೆ. ಕೆಸರಿನ ಮೇಲೆ ಬಾಗಿಲು ಹಾಸಿ ಅದರ ಮೇಲೆ ಕೂತರೆ ಭಾರ ಹರಡುತ್ತದೆ, ಮನುಷ್ಯ ಇಳಿಯುವುದಿಲ್ಲ. ಇದು ಸರಿಯೇ. ಆದರೆ ಬಚ್ಚಲದ್ದೇ ಯಾಕೆಂದು ಕೇಳಿದರೆ ಅದಕ್ಕೂ ಉತ್ತರವಿದೆ: ತಲೆಬಾಗಿಲು ಸಾಗವಾನಿಯದು, ನಾಲ್ಕು ಜನ ಬೇಕು. ಅಡುಗೆಮನೆಯದು ಅಕ್ಕನ ಕಣ್ಣೆದುರಿಗೇ ಇದೆ. ಬಚ್ಚಲದ್ದು ಮೇಲೆತ್ತಿ ಎಳೆದರೆ ಕೈಗೆ ಬರುತ್ತದೆ.

ಟವೆಲ್ ಬದಲು ಅಕ್ಕ ಒಂದು ಹಳೆಯ ಸೀರೆ ಎಸೆದಳು. ಅದನ್ನು ಸುತ್ತಿಕೊಂಡು ನಾನು ಪಡಸಾಲೆಗೆ ಬಂದಾಗ ವಿಚಾರಣೆ ನಡೆದಿತ್ತು. ದಾಜಿ ಬಾಗಿಲನ್ನು ಗೋಡೆಗೆ ಒರಗಿಸಿ ನಿಂತಿದ್ದರು. ಅಕ್ಕ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ಹೋದ ಕಾರ್ತಿಕದಾಗ ಒಂದ ಚಿಲಾಪಿ ತಂದಿದ್ರಿ. ಬೆಕ್ಕಿಗೂ ಸಾಲಲಿಲ್ಲ. ಆಮ್ಯಾಲ ಏನ ತಂದೀರಿ?"

"ಒಣಾ ಬಂದೀನಿ. ನೀ ಅದನ್ನ ಕೇಳಿದ್ದಿ."

"ಒಣಾ ಇರಾಕ ನದಿಗಿ ಯಾಕ ಹೋಗಬೇಕ್ರಿ? ಮನ್ಯಾಗ ಕುಂತವ್ರೂ ಒಣಾನ ಇರ್ತಾರ." ನನ್ನ ಕಡೆ ತಿರುಗಿದಳು. "ತಮ್ಮಾ, ನೀನ ಸಾಕ್ಷಿ. ಇವತ್ತ ಮನಿಮಂದಿ ಉಣ್ಣುವಷ್ಟ ಮೀನ ಬರಬೇಕು, ಇವರೂ ಒಣಾ ಬರಬೇಕು. ಎಲ್ಡರಾಗ ಒಂದ ತಪ್ಪಿದ್ರೂ ರೂಪೇಶಗ ಹೇಳಿ ಕಬ್ಬಿಣದ ಬಾಗಲಾ ವೆಲ್ಡಿಂಗ್ ಮಾಡಸ್ತೀನಿ. ಆಮ್ಯಾಲ ಹೊತ್ತ ತೋರಸ್ರಿ."

ಬಾಗಿಲ ಮೇಲೆ ಇಟ್ಟಿದ್ದ ದಾಜಿಯ ಕೈ, ಎತ್ತಿನ ಬೆನ್ನು ಸವರುವಂತೆ, ಒಮ್ಮೆ ಮೇಲಿಂದ ಕೆಳಗೆ ಹೋಯಿತು. ಅವರಿಗೆ ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಎಲೆಕ್ಷನ್ ಇಲ್ಲ. ಇದೊಂದೇ ಇದೆ. ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಅಂದು ನಾನು ಮಾಡಿದ ಮೊದಲ ತಪ್ಪು. "ನಾನೂ ಬರ್ತೀನಿ ನಡೀರಿ," ಎಂದದ್ದು ಎರಡನೆಯದು.

ಬಾಗಿಲನ್ನು ಮುಂದೆ ಅವರು, ಹಿಂದೆ ನಾನು ಹೊತ್ತುಕೊಂಡು ಹೊರಟೆವು. ನನ್ನ ಟವೆಲ್ ಇನ್ನೂ ಅದರ ಮೇಲೇ ಇತ್ತು. ದಾರಿಯಲ್ಲಿ ಸಿಕ್ಕವರೆಲ್ಲ ದಾಜಿಗೆ ನಮಸ್ಕಾರ ಹೇಳಿ, ನನ್ನನ್ನು ನೋಡಿ, "ಇವತ್ತ ಆಳ ಸಿಕ್ಕಾನೇನ್ರಿ?" ಎಂದು ಕೇಳಿದರು.

ನದಿಯ ದಂಡೆಗೆ ಮುಟ್ಟಿದ ಮೇಲೆ ದಾಜಿಯ ಸಿದ್ಧತೆ ಶುರುವಾಯಿತು. ಎದೆಗೊಂದು, ಬೆನ್ನಿಗೊಂದು ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡರು. ಸೊಂಟಕ್ಕೆ ಹಗ್ಗ ಬಿಗಿದು ಅದರ ಇನ್ನೊಂದು ತುದಿಯನ್ನು ಜಾಲಿಗಿಡಕ್ಕೆ ಕಟ್ಟಿದರು. ಗಿಡ ಗಟ್ಟಿ ಇದೆಯೇ ಎಂದು ಅಲ್ಲಾಡಿಸಿ ನೋಡಿ, ಬೇರೆ ಗಿಡಕ್ಕೆ ಕಟ್ಟಿದರು. ಕೊರಳಿಗೆ ಕಂಡಕ್ಟರ್ ಸೀಟಿ. ಮೊಸಳೆ ಇದ್ದರೆ ಗೊತ್ತಾಗಲೆಂದು ನೀರಿಗೆ ಕಲ್ಲು ಎಸೆದರು. ಎಸೆದಲ್ಲಿಗೆ ಬರಬೇಕಾಗಿದ್ದ ಮೀನು ಆ ಕಲ್ಲಿಗೇ ಅಥಣಿ ತಾಲೂಕಿನ ದಂಡೆಗೆ ಓಡಿರಬೇಕು. ಬಿಸಿಲು ನೆತ್ತಿಗೆ ಬಂತು. ಗಾಳ ಇನ್ನೂ ಚೀಲದಲ್ಲೇ ಇತ್ತು.

"ದಾಜಿ, ಮೀನ ಹಿಡಿಯೂದು ಯಾವಾಗ್ರಿ?"

"ಥ್ರೀ ಫೇಸ್ ಬರಲಿ."

ಇದು ಅವರ ಸಿದ್ಧಾಂತ. ಥ್ರೀ ಫೇಸ್ ಕರೆಂಟು ಬಂದರೆ ದಂಡೆಗುಂಟ ಇರುವ ಮೋಟಾರುಗಳೆಲ್ಲ ಒಮ್ಮೆಲೇ ನೀರು ಎಳೆಯುತ್ತವೆ. ನೀರಿನ ಜೊತೆ ಸಣ್ಣ ಮೀನು ಪೈಪಿನ ಬಾಯಿಯ ಕಡೆ ಬರುತ್ತವೆ, ಅವುಗಳ ಹಿಂದೆ ದೊಡ್ಡವು. ಆದ್ದರಿಂದ ದಾಜಿ ಮೀನು ಹಿಡಿಯುವ ವೇಳೆಯನ್ನು ನಿರ್ಧರಿಸುವುದು ಅವರೂ ಅಲ್ಲ, ಮೀನೂ ಅಲ್ಲ, ಕರೆಂಟಿನವರು. ಕರೆಂಟಿನವರಿಗೆ ಈ ಜವಾಬ್ದಾರಿಯ ಸುಳಿವೂ ಇದ್ದಂತಿಲ್ಲ.

ಕಾಯುವ ಹೊತ್ತಿನಲ್ಲಿ ದಾಜಿ ದಾರಿ ಮಾಡಿದರು. ಬಿದಿರಿನ ಬಡಿಗೆ ಹಿಡಿದು, ಒಣಗಿದ ಕೆಸರಿನ ಮೇಲೆ ಒಂದೊಂದು ಹೆಜ್ಜೆಗೂ ಕುಟ್ಟಿ, ಕಿವಿಗೊಟ್ಟು ಕೇಳಿ, ಗಟ್ಟಿ ಅನ್ನಿಸಿದಲ್ಲಿ ಗೊಬ್ಬರದ ಚೀಲ ಹಾಸುತ್ತ ಮುಂದೆ ಹೋದರು. ನೀರಿನ ಅಂಚಿಗೆ ಬಾಗಿಲು ಹಾಸಿ ಕೂತರು. ಅದರ ಮೇಲೆ ಒಬ್ಬರಿಗೇ ಜಾಗ. ನನಗಾಗಿ ಪಕ್ಕದಲ್ಲಿ ಬೇರೆ ಜಾಗ ಗೊತ್ತುಮಾಡಿದರು. ನಾನು ಬಂದ ಅತಿಥಿ ಎಂಬ ಕಾಳಜಿಯಿಂದಲೋ, ನನ್ನ ಗಾತ್ರ ನೋಡಿಯೋ, ಅಲ್ಲಿ ಉಳಿದ ಕಡೆಗಿಂತ ಹೆಚ್ಚು ಹೊತ್ತು, ಹೆಚ್ಚು ಜೋರಾಗಿ ಕುಟ್ಟಿದರು. ಕುಟ್ಟಿದರು, ಕೇಳಿದರು, ಮತ್ತೆ ಕುಟ್ಟಿದರು.

"ನಿಂದರು. ಗಟ್ಟಿ ಐತಿ."

ನಿಂತೆ. ಗಟ್ಟಿಯೇ ಇತ್ತು. ಆಚೆ ದಂಡೆಯ ಬಂಡೆಗಳ ಮೇಲೆ ದ್ರೌಪದಿ ಎಂಬ ಹೆಂಗಸು ಮತ್ತು ಅವಳ ಜೊತೆಯವರು ಕೌದಿ ಒಗೆಯುತ್ತಿದ್ದರು. ಆಚೆ ಎಂದರೆ ಬಹಳ ದೂರವಲ್ಲ, ನಗು ಕೇಳಿಸುವಷ್ಟು ಹತ್ತಿರ. ನದಿಯ ಆಚೆಯಲ್ಲ, ದಾಜಿಯ ಹೊಲದ ಅಂಚಿನ ಸಣ್ಣ ಹಳ್ಳದಾಚೆ.

ಥ್ರೀ ಫೇಸ್ ಬಂತು. ದಂಡೆಗುಂಟ ಮೋಟಾರುಗಳು ಒಂದಾದ ಮೇಲೊಂದು ಗುಂಯ್ ಎಂದವು. ದಾಜಿ ಬೆಲ್ಲ ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ನೀರಿಗೆ ಎಸೆದರು. ದಾರಕ್ಕೆ ಕಟ್ಟಿದ ಹವಾಯಿ ಚಪ್ಪಲಿಯ ತುಂಡು ನೀರಿನ ಮೇಲೆ ತೇಲುತ್ತ ಕೂತಿತು. ಕೂತಿತು ಎಂದರೆ ಕೂತೇಬಿಟ್ಟಿತು. ನಾನು ಬಾಯಿ ತೆರೆದರೆ ದಾಜಿ ಬೆರಳು ತುಟಿಗಿಡುತ್ತಿದ್ದರು. ಪಕ್ಕದಲ್ಲಿ ಮೋಟಾರು ಕಾರ್ಖಾನೆಯಂತೆ ಗರ್ಜಿಸುತ್ತಿತ್ತು. ಮೀನಿಗೆ ತೊಂದರೆಯಾಗುವುದು ನನ್ನ ಮಾತಿನಿಂದ.

ಆಗ ಚಪ್ಪಲಿ ತುಂಡು ಮುಳುಗಿತು.

ದಾಜಿಯ ಕೈಯ ಗಾಳದ ಬಿದಿರು ಬಿಲ್ಲಿನಂತೆ ಬಾಗಿತು. ಚಿಲಾಪಿಯಲ್ಲ, ಏನೋ ದೊಡ್ಡದು. ನಾನು ನೋಡಬೇಕೆಂದು ಒಂದಿಷ್ಟು ಮುಂದೆ ಬಾಗಿದೆ, ಅಷ್ಟೇ. ಕಾಲಡಿಯಲ್ಲಿ ಹಪ್ಪಳ ಮುರಿದ ಸದ್ದಾಯಿತು. ದಾಜಿ ಅಷ್ಟೊಂದು ಕುಟ್ಟಿ ಪರೀಕ್ಷಿಸಿದ ಜಾಗ, ಕುಟ್ಟಿದ್ದರಿಂದಲೇ ಒಳಗೆ ಬಿರುಕು ಬಿಟ್ಟಿತ್ತು. ಮೊದಲು ಮೊಣಕಾಲು ಹೋಯಿತು, ಆಮೇಲೆ ತೊಡೆ, ಸೊಂಟಕ್ಕೆ ಬಂದು ನಿಂತಿತು. ನಿಂತಿತು ಎನ್ನುವುದು ನನ್ನ ಆಸೆ. ನಿಧಾನವಾಗಿ ಇಳಿಯುತ್ತಲೇ ಇದ್ದೆ.

"ದಾಜಿ, ನಾ ಇಳ್ಯಾಕತ್ತೀನಿ."

ದಾಜಿ ನನ್ನನ್ನು ನೋಡಿದರು. ದಾರವನ್ನು ನೋಡಿದರು. ತಾವು ಕೂತ ಬಾಗಿಲನ್ನು ನೋಡಿದರು. ಬಿದಿರು ಬಿಟ್ಟರೆ ಮೀನು ಹೋಗುತ್ತದೆ. ಬಾಗಿಲು ಬಿಟ್ಟರೆ ತಾವು ತೊಯ್ಯಬಹುದು. ಎರಡನ್ನೂ ಹಿಡಿದುಕೊಂಡರೆ ಹೆಂಡತಿಯ ತಮ್ಮ ಹೋಗುತ್ತಾನೆ. ಅಕ್ಕನ ಷರತ್ತಿನಲ್ಲಿ ಮೂರನೆಯದರ ಮಾತೇ ಇರಲಿಲ್ಲ ಎಂಬುದು ಅವರಿಗೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ.

"ಅಳ್ಳಾಡಬ್ಯಾಡ ಪಾವ್ಣ್ಯಾ. ಅಳ್ಳಾಡಿದ್ರ ಜಲ್ದಿ ಇಳೀತಾರು."

"ಬಾಗಲಾ ದೂಡ್ರಿ ಈ ಕಡೆ."

"ದೂಡ್ತೀನಿ. ಕಟ್ಲಾ ಐತಿ ಇದು. ಎರಡ ಮಿನಿಟ."

ಎಂದು ಹೇಳಿ, ಕೊರಳಿನ ಸೀಟಿ ಬಾಯಿಗಿಟ್ಟು ಜೋರಾಗಿ ಊದಿದರು. ಅಪಾಯದಲ್ಲಿ ಸೀಟಿ ಊದಬೇಕು ಎಂಬುದು ಅವರ ನಿಯಮ. ಊದಿದರು, ಕರ್ತವ್ಯ ಮುಗಿಯಿತು, ಮತ್ತೆ ಮೀನಿನ ಕಡೆ ತಿರುಗಿದರು. ನಾನು ಎರಡೂ ಕೈ ಕೆಸರಿನ ಮೇಲೆ ಚಾಚಿಕೊಂಡು, ಎದೆ ಊರಿಕೊಂಡು, ನನ್ನ ಅಕ್ಕನ ಗಂಡ ಒಂದು ಮೀನನ್ನು ದಣಿಸುವುದನ್ನು ನೋಡುತ್ತ ಮಲಗಿದೆ. ಎಳೆದರು, ಬಿಟ್ಟರು, ಎಳೆದರು. ಅವಸರವೇ ಇಲ್ಲ. ಕೊನೆಗೆ ಹೊಳೆಯುವ ಒಂದು ದೊಡ್ಡ ಕಟ್ಲಾ ಬಾಗಿಲ ಮೇಲೆ ಬಿದ್ದು ಬಾಲ ಬಡಿಯಿತು. ದಾಜಿ ಅದನ್ನು ನನ್ನ ಟವೆಲಿನಲ್ಲಿ ಸುತ್ತಿ, ಪಕ್ಕದ ಚೀಲದ ಮೇಲಿದ್ದ ನೀರಿನ ಬಕೆಟ್ಟಿಗೆ ಹಾಕಿದರು.

ಆಮೇಲೆ ಅವರು ಮಾಡಿದ್ದನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ಎದ್ದು, ಒಂದು ಕ್ಷಣ ತಮ್ಮ ಒಣ ಪ್ಯಾಂಟು ನೋಡಿಕೊಂಡು, ಬಾಗಿಲಿನಿಂದ ಗೊಬ್ಬರದ ಚೀಲದ ಮೇಲೆ ಕಾಲಿಟ್ಟರು. ಚೀಲ ಕುಸಿಯಲೂಬಹುದಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಾಗೇ ಬಾಗಿ ಬಾಗಿಲನ್ನು ನನ್ನ ಎದೆಯವರೆಗೆ ದೂಡಿದರು. ತಮ್ಮ ಸೊಂಟದ ಹಗ್ಗವನ್ನೂ ಬಿಚ್ಚಿ ನನ್ನ ಕಡೆ ಎಸೆದರು. ದಂಡೆ ಬಿಟ್ಟರೆ ಹಗ್ಗ ಬಿಚ್ಚದ ಮನುಷ್ಯ.

ಸೀಟಿ ಕೇಳಿ ದ್ರೌಪದಿ ಮತ್ತು ಹೆಂಗಸರು ಹಳ್ಳ ಸುತ್ತಿಕೊಂಡು ಓಡಿ ಬಂದಿದ್ದರು.

"ಯಾರ ಬೇ ಅದು?"

"ಸೋನವ್ವನ ತಮ್ಮ. ಪಾತ್ರೆ ಅಂಗಡಿಯಾವ."

"ಏನ ತಿಂತಾರ ಹಾರೂಗೇರ್ಯಾಗ? ಇದನ್ನ ಎಳಿಯಾಕ ಟ್ರ್ಯಾಕ್ಟರ್ ಬೇಕು."

"ಅಣ್ಣಾರ, ಕೆಳಗ ಕಾಲಿಗಿ ನೆಲಾ ಸಿಕ್ಕೈತೇನ್ರಿ, ಇಲ್ಲಾ ಇನ್ನೂ ಹುಡುಕಾಕತ್ತೀರಿ?"

ನಗುವುದನ್ನು ನಿಲ್ಲಿಸದೆಯೇ ಒಗೆದಿಟ್ಟ ಕೌದಿಯೊಂದನ್ನು ಹಿಂಡಿ, ತಿರುವಿ, ಹಗ್ಗದ ತುದಿಗೆ ಕಟ್ಟಿ ನನ್ನ ಕಂಕುಳಿಗೆ ಹಾಕಿಸಿದರು. ಬಾಗಿಲ ಮೇಲೆ ಹೊಟ್ಟೆ ಊರಿ ಮಲಗು ಎಂದರು ದಾಜಿ. ಮಲಗಿದೆ. ಎಲ್ಲರೂ ಎಳೆದರು. ಕೆಸರು ನನ್ನನ್ನು ಬಿಡುವಾಗ ಮಾಡಿದ ಸದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದರ ಬೆನ್ನಿಗೇ ಇನ್ನೊಂದು ಸದ್ದು, ಲಟ್ ಎಂದು. ಬಾಗಿಲು ನಡುವಿಗೆ ಮುರಿದಿತ್ತು. ಮೇಲಿನ ಅರ್ಧ ನನ್ನ ಜೊತೆ ದಂಡೆಗೆ ಬಂತು. ಕೆಳಗಿನ ಅರ್ಧ ನನ್ನ ಎಡಗಾಲಿನ ಚಪ್ಪಲಿಯ ಜೊತೆ ಕೃಷ್ಣೆಗೆ ಹೋಯಿತು.

ದಾಜಿ ಚೀಲದಿಂದ ಚೀಲಕ್ಕೆ ಕಾಲಿಡುತ್ತ, ಬಕೆಟ್ ಎತ್ತಿ ಹಿಡಿದು ದಂಡೆಗೆ ಬಂದು ಮುಟ್ಟಿದರು. ಮೊದಲು ನನ್ನ ಮುಖ ನೋಡಿದರು, ತೋಳು ಹಿಚುಕಿ ನೋಡಿದರು. "ಆರಾಮ ಅದಿ?" ಎಂದರು. ಆಮೇಲೆ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡರು. ಒಣಗಿಯೇ ಇತ್ತು. ಆಮೇಲೆ ಬಾಗಿಲ ತುಂಡು ನೋಡಿದರು, ಬಹಳ ಹೊತ್ತು. ದ್ರೌಪದಿಯ ಕೌದಿಗೆ ರಾಡಿ ಹತ್ತಿತ್ತು. ಅದನ್ನು ನನ್ನ ಕೈಯಲ್ಲೇ ಒಗೆಸಿ, ಎರಡು ಸಲ ಹಿಂಡಿಸಿ, ಆಮೇಲೆ ಬಿಟ್ಟಳು.

ಮನೆಯ ಅಂಗಳದಲ್ಲಿ ಅಕ್ಕ ಕಾಯುತ್ತಿದ್ದಳು. ದಾಜಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿ, ಮೊಣಕಾಲ ಮೇಲೆ ಅಂಗೈಯಿಟ್ಟಳು. ಇಟ್ಟ ಕೈಯನ್ನು ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಅಲ್ಲೇ ಬಿಟ್ಟಳು. ಬಕೆಟ್ ಇಣುಕಿದಳು. ಕಟ್ಲಾ ಬಾಯಿ ಆಡಿಸಿತು. ಅವಳ ಮುಖ ಸಡಿಲಾಯಿತು. ಆಮೇಲೆ ನನ್ನನ್ನು ನೋಡಿದಳು.

"ಇದ್ಯಾರು?"

"ನಿನ್ನ ತಮ್ಮ," ಎಂದರು ದಾಜಿ.

"ಒಣಾ ಬರಬೇಕು ಅಂದಿದ್ದೆ."

"ನನಗ ಅಂದಿದ್ದಿ. ಅವನಿಗಿ ಅಂದಿರಲಿಲ್ಲ."

ಅಕ್ಕ ಇದನ್ನು ಯೋಚಿಸಿ ನೋಡಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಆದರೆ ತೀರ್ಪು ನನ್ನದಲ್ಲ. "ಹೌದು," ಎಂದಳು ಕೊನೆಗೆ. "ಮೀನ ಬಂದೈತಿ. ನೀವೂ ಒಣಾ ಅದೀರಿ. ಮಾತಿಗಿ ತಪ್ಪಂಗಿಲ್ಲ ನಾನು, ಮುಂದಿನ ರವಿವಾರಾನೂ ಹೋಗ್ರಿ. ಬಾಗಲಾ ಎಲ್ಲೈತಿ?"

"ಅರ್ಧಾ ಐತಿ."

ಅಕ್ಕ ಅರ್ಧ ಬಾಗಿಲನ್ನು ನೋಡಿದಳು. ಬಚ್ಚಲಿಗೆ ಹಿಡಿದು ನೋಡಿದಳು. ಎದೆಯಿಂದ ಮೇಲಷ್ಟೇ ಮುಚ್ಚುತ್ತಿತ್ತು. ನಾನು ಅಂಗಳದ ನಡುವೆ ಎಮ್ಮೆಯ ಪಕ್ಕದಲ್ಲಿ, ಸೀರೆಯ ಮರೆಯಲ್ಲಿ, ಆ ದಿನದ ಎರಡನೇ ಸ್ನಾನ ಮಾಡುತ್ತಿರುವಾಗಲೇ ರೂಪೇಶನಿಗೆ ಫೋನು ಹೋಯಿತು.

ರೂಪೇಶ ಸಂಜೆಯೊಳಗೆ ಟೇಪು ಹಿಡಿದು ಬಂದ. ಒಳಗೆ ಕಟ್ಲಾದ ಸಾರು ಕುದಿಯುತ್ತಿತ್ತು. ಅಕ್ಕ ನಿಂತು ಹೇಳಿ ಬರೆಸಿದಳು: ದಪ್ಪ ತಗಡು, ಅದಕ್ಕೆ ಆಂಗಲ್ ಪಟ್ಟಿ, ಬಿಜಾಗರಿ ಗೋಡೆಯೊಳಗಿನ ಸರಳಿಗೇ ಬೆಸುಗೆ, ಆನೆ ಬಂದರೂ ಎತ್ತಬಾರದು, ಮೇಲೆ ಟವೆಲಿಗೊಂದು ಗೂಟ, ಒಳಗೆ ಚಿಲಕ. ದಾಜಿ ಕಟ್ಟೆಯ ಮೇಲೆ ಕೂತು ಗಾಳದ ದಾರ ಸುತ್ತುತ್ತಿದ್ದರು. ರೂಪೇಶ ಅಳತೆಗೆಂದು ಚೌಕಟ್ಟಿಗೆ ಒರಗಿಸಿದ್ದ ಆಂಗಲ್ ತುಂಡನ್ನು ಒಮ್ಮೆ ಬಂದು ಬೆರಳಿನಿಂದ ಬಡಿದು ಕೇಳಿದರು. ತೃಪ್ತಿಯಾದಂತೆ ತಲೆಯಾಡಿಸಿ ಹೋಗಿ ಮತ್ತೆ ಕೂತರು.

ಮನುಷ್ಯನಿಗೆ ಮೀನು ಹಿಡಿಯಲು ಅಪ್ಪಣೆ ಸಿಕ್ಕಿತ್ತು, ಕೂರುವ ಜಾಗ ಹೋಗಿತ್ತು. ಅಷ್ಟು ಹೊತ್ತಿನ ನನ್ನ ಸಿಟ್ಟಿನ ನಡುವೆಯೂ ಬೆಳಿಗ್ಗೆಯ ಆ ಕನಿಕರ ಮತ್ತೆ ತಲೆಯೆತ್ತಿತು. ಪಕ್ಕದಲ್ಲಿ ಹೋಗಿ ಕೂತೆ.

"ಅಲ್ರಿ ದಾಜಿ, ಇದು ಎತ್ತಿದ್ರ ಏಳಂಗಿಲ್ಲ. ಮುಂದಿನ ರವಿವಾರ ಏನ ಮಾಡ್ತೀರಿ?"

ದಾಜಿ ಅಡುಗೆಮನೆಯ ಕಡೆ ನೋಡಿದರು. ಅಕ್ಕ ಬೆನ್ನು ತಿರುಗಿಸಿ ಸಾರು ಕಲಕುತ್ತಿದ್ದಳು. ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ತುಂಡರಿಸಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಅಳೆದರು.

"ಅಡಗಿಮನಿ ಬಾಗಲಾ ನನ್ನ ಒಬ್ಬನ ಭಾರ ತಡೀತೈತಿ. ನೀ ಬರಬ್ಯಾಡ."